ಲೇಡಿ ಸೂಪರ್‌ಹೀರೋ ಸಿನಿಮಾ ಸೋತರೆ ಮಾತ್ರ ‘ಹೆಂಗಸರ ಸಿನಿಮಾ ಓಡಲ್ಲ’ ಅನ್ನೋದು ಯಾಕೆ?

ಮಿಂಚುಹುಳ
2010ರಲ್ಲಿ ಗಂಡು ಹೀರೋನ ಕಾಮಿಕ್ಸ್ ಸಿನಿಮಾ ‘ಜೋನಾ ಹೆಕ್ಸ್’ ಮಕಾಡೆ ಮಲಗಿತು. ಮರುವರ್ಷ ‘ಗ್ರೀನ್ ಲ್ಯಾಂಟರ್ನ್’ ಬಂತು. ಸುಮಾರು 20 ಕೋಟಿ ಡಾಲರ್ ಸುರಿದು ಮಾಡಿದ ಸಿನಿಮಾ, ಪ್ರಪಂಚವೆಲ್ಲ ಸೇರಿ ಗಳಿಸಿದ್ದು 22 ಕೋಟಿ ಆಸುಪಾಸು. ಚಿತ್ರಮಂದಿರದವರ ಪಾಲು, ಪ್ರಚಾರದ ಖರ್ಚು ಕಳೆದರೆ ಕೈ ಸುಟ್ಟುಕೊಂಡ ಲೆಕ್ಕ. ಆಗ ಯಾರಾದರೂ ‘ಗಂಡಸರನ್ನು ಹಾಕಿಕೊಂಡು ಸೂಪರ್‌ಹೀರೋ ಸಿನಿಮಾ ಮಾಡಬಾರದು’ ಅಂದರಾ? ಕಥೆ ಚೆನ್ನಾಗಿಲ್ಲ ಅಂದರು, ಗ್ರಾಫಿಕ್ಸ್ ಚೆನ್ನಾಗಿಲ್ಲ ಅಂದರು, ಮುಂದಿನ ಸಿನಿಮಾದ ಕೆಲಸಕ್ಕೆ ಹೋದರು.

ಈಗ ಈ ಕಡೆ ನೋಡಿ. 2004ರಲ್ಲಿ ‘ಕ್ಯಾಟ್‌ವುಮನ್’, 2005ರಲ್ಲಿ ‘ಎಲೆಕ್ಟ್ರಾ’. ಎರಡೂ ಸೋತವು. ಎರಡೂ ಕೆಟ್ಟ ಸಿನಿಮಾಗಳೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅದಾದ ಮೇಲೆ ಮಾರ್ವೆಲ್ ಆಗಲಿ ಡಿಸಿ ಆಗಲಿ, ತಮ್ಮ ಕಾಮಿಕ್ಸ್‌ನ ಒಬ್ಬ ಹೆಣ್ಣುಮಗಳನ್ನೇ ಮುಖ್ಯ ಪಾತ್ರದಲ್ಲಿಟ್ಟ ದೊಡ್ಡ ಸಿನಿಮಾ ಅಂತ ಬಂದದ್ದು 2017ರ ‘ವಂಡರ್ ವುಮನ್’. ನಡುವೆ ಹನ್ನೆರಡು ವರ್ಷ ಖಾಲಿ. ಆ ಹನ್ನೆರಡು ವರ್ಷದಲ್ಲಿ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್ ಎಲ್ಲರೂ ಹೊಸ ನಟರೊಂದಿಗೆ ಮತ್ತೆ ಮತ್ತೆ ಬಂದರು.

ಗಂಡಸಿನ ಸಿನಿಮಾ ಸೋತರೆ ಆ ಒಂದು ಸಿನಿಮಾ ಸೋತಿತು ಅಂತಾರೆ. ಹೆಂಗಸಿನ ಸಿನಿಮಾ ಸೋತರೆ ಹೆಂಗಸರೇ ಸೋತರು ಅಂತಾರೆ. ಇದು ಎಲ್ಲಿಯ ಲೆಕ್ಕ? ನಿಮಗೇನನ್ನಿಸುತ್ತೆ?

ಗಣಕಪ್ಪ
ಎಲ್ಲದಕ್ಕೂ ಲಿಂಗ ತಾರತಮ್ಯ ಅನ್ನೋದು ಈಗ ಅಭ್ಯಾಸ ಆಗಿಬಿಟ್ಟಿದೆ. ಹೆಣ್ಣು ಹೀರೋಗಳೇ ಮುಖ್ಯವಾಗಿರುವ 2023ರ ‘ದಿ ಮಾರ್ವೆಲ್ಸ್’ ನೋಡಿದ್ದೀರಾ? ಅದು ಅರ್ಥವಾಗಬೇಕಾದರೆ ಮೊದಲು ಎರಡು ಮೂರು ವೆಬ್ ಸರಣಿ ನೋಡಿರಬೇಕು. ಜನ ಬರಲಿಲ್ಲ, ಅಷ್ಟೇ. ದುಡ್ಡು ಕೊಟ್ಟು ಬರುವ ಪ್ರೇಕ್ಷಕನಿಗೆ ಹೆಣ್ಣು ಗಂಡು ಅನ್ನೋ ಭೇದ ಇಲ್ಲ. ಸಿನಿಮಾ ಚೆನ್ನಾಗಿರಬೇಕು.

ತುಂತುರು
ಗಣಕಪ್ಪ ಸರ್, ಅದೇ ವರ್ಷ ‘ದಿ ಫ್ಲ್ಯಾಶ್’ ಕೂಡ ಸೋತಿತು, ‘ಶಜಾಮ್’ನ ಎರಡನೇ ಭಾಗವೂ ಸೋತಿತು. ಅವುಗಳ ಬಗ್ಗೆ ‘ಗಂಡು ಹೀರೋಗಳ ಕಾಲ ಮುಗಿಯಿತು’ ಅಂತ ಯಾರಾದರೂ ವಿಡಿಯೋ ಮಾಡಿದರಾ?

ಹಳೇಪುಟ
ಮಿಂಚುಹುಳ ಅವರ ಪ್ರಶ್ನೆಗೆ ಕಾಗದದ ಮೇಲೆಯೇ ಸಾಕ್ಷಿ ಇದೆ. 2014ರಲ್ಲಿ ಸೋನಿ ಕಂಪನಿಯ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದರಲ್ಲ, ಆಗ ಸೋರಿದ ಮೇಲ್‌ಗಳಲ್ಲಿ ಒಂದು ಮಾರ್ವೆಲ್‌ನ ಆಗಿನ ಮುಖ್ಯಸ್ಥ ಐಕ್ ಪರ್ಲ್‌ಮಟರ್ ಬರೆದದ್ದು. ಹೆಂಗಸರ ಸೂಪರ್‌ಹೀರೋ ಸಿನಿಮಾ ಯಾಕೆ ಬೇಡ ಅನ್ನೋದಕ್ಕೆ ಕೊಟ್ಟ ಉದಾಹರಣೆ ಮೂರೇ ಮೂರು: ‘ಎಲೆಕ್ಟ್ರಾ’, ‘ಕ್ಯಾಟ್‌ವುಮನ್’ ಮತ್ತು 1984ರ ‘ಸೂಪರ್‌ಗರ್ಲ್’. ಆ ಮೇಲ್ ಬರೆಯುವ ಹೊತ್ತಿಗೆ ಕೊನೆಯದಕ್ಕೆ ಮೂವತ್ತು ವರ್ಷ ತುಂಬಿತ್ತು. ಮೂವತ್ತು ವರ್ಷದಲ್ಲಿ ಮೂರು ಸಿನಿಮಾ, ಅದರ ಮೇಲೆ ಇಡೀ ತೀರ್ಮಾನ.

ಗಣಕಪ್ಪ
ವ್ಯಾಪಾರಿ ಹಿಂದಿನ ಲೆಕ್ಕ ನೋಡಿಯೇ ಮುಂದಿನ ಹೆಜ್ಜೆ ಇಡೋದು. ಅದರಲ್ಲಿ ದ್ವೇಷ ಹುಡುಕಬೇಡಿ.

ಮಿಂಚುಹುಳ
ದ್ವೇಷ ಅಂತ ನಾನು ಹೇಳಿಲ್ಲ ಸರ್. ಲೆಕ್ಕವೇ ತಪ್ಪು ಅಂತಿದ್ದೇನೆ. ಕಡಿಮೆ ಸಿನಿಮಾ ಮಾಡ್ತಾರೆ, ಅದಕ್ಕೆ ಲೆಕ್ಕ ಕಡಿಮೆ ಸಿಗುತ್ತೆ. ಸಿಕ್ಕ ಅಷ್ಟು ಲೆಕ್ಕದಲ್ಲಿ ಎರಡು ಸೋತರೆ ‘ನೋಡಿ, ಎಲ್ಲಾ ಸೋಲುತ್ತೆ’ ಅಂತಾರೆ, ಇನ್ನೂ ಕಡಿಮೆ ಮಾಡ್ತಾರೆ. ಗಂಡಸರಿಗೆ ಹತ್ತು ಸೋಲನ್ನು ಮುಚ್ಚೋಕೆ ಇಪ್ಪತ್ತು ಗೆಲುವು ಇದೆ. ಹೆಂಗಸರಿಗೆ ಗೆಲ್ಲೋಕೆ ಅವಕಾಶವನ್ನೇ ಕೊಟ್ಟಿರಲಿಲ್ಲ. ‘ವಂಡರ್ ವುಮನ್’ 82 ಕೋಟಿ ಡಾಲರ್ ಬಾಚಿತು. ಆ ದುಡ್ಡು ಕೊಡುವ ಜನ ರಾತ್ರೋರಾತ್ರಿ ಹುಟ್ಟಿ ಬಂದರಾ? ಮೊದಲಿನಿಂದಲೂ ಇದ್ದರು, ಕೇಳಿದವರಿರಲಿಲ್ಲ.

ಪುಟ್ಟಿಯ ಅಮ್ಮ
ಆಟಿಕೆಗಳ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? 2015ರ ‘ಏಜ್ ಆಫ್ ಅಲ್ಟ್ರಾನ್’ನಲ್ಲಿ ಅವೆಂಜರ್ಸ್ ತಂಡದ ನತಾಶಾ, ಅಂದರೆ ಬ್ಲ್ಯಾಕ್ ವಿಡೋ, ವಿಮಾನದ ಹೊಟ್ಟೆಯಿಂದ ಮೋಟಾರ್‌ಸೈಕಲ್ ಸಮೇತ ರಸ್ತೆಗೆ ಧುಮುಕುವ ದೃಶ್ಯ ಇದೆ. ಟ್ರೈಲರ್‌ನಲ್ಲೂ ಅದನ್ನು ತೋರಿಸಿದ್ದರು. ಆ ದೃಶ್ಯದ ಆಟಿಕೆ ಸೆಟ್ ಬಂತು. ವಿಮಾನ ಇದೆ, ಮೋಟಾರ್‌ಸೈಕಲ್ ಇದೆ. ಮೋಟಾರ್‌ಸೈಕಲ್ ಮೇಲೆ ಕೂತಿರೋದು ಕ್ಯಾಪ್ಟನ್ ಅಮೆರಿಕಾ. ಅವಳು ಡಬ್ಬಿಯಲ್ಲೇ ಇಲ್ಲ. ಅವಳ ಸಾಹಸವನ್ನೇ ಎತ್ತಿ ಇನ್ನೊಬ್ಬನ ಕೈಗೆ ಕೊಟ್ಟರು.

ನನ್ನ ಮಗಳಿಗೆ ಒಂದು ಸಲ ಐವರು ಹೀರೋಗಳ ಸೆಟ್ ತಂದಿದ್ದೆ. ಒಂದೊಂದನ್ನೇ ತೆಗೆದು ಸಾಲಾಗಿ ನಿಲ್ಲಿಸಿದಳು. ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದಳು. ‘ಅಮ್ಮಾ, ನತಾಶಾ ಬಿದ್ದು ಹೋಗಿದ್ದಾಳೆ, ಅಂಗಡಿಯಲ್ಲಿ ಕೇಳು’ ಅಂದಳು. ಡಬ್ಬಿಯ ಮೇಲಿನ ಚಿತ್ರದಲ್ಲೂ ಅವಳಿಲ್ಲ ಅಂತ ತೋರಿಸಬೇಕಾಯಿತು. ಆ ಮಗುವಿಗೆ ಏನು ಹೇಳೋದು? ನಾಳೆ ಅವಳೇ ‘ಇದು ಹುಡುಗರ ಆಟ’ ಅಂದುಕೊಂಡು ದೂರ ಸರಿದರೆ, ಕಂಪನಿಯವರು ‘ಹುಡುಗಿಯರು ಕೊಳ್ಳಲ್ಲ’ ಅಂತ ಬರೆದುಕೊಳ್ಳುತ್ತಾರೆ.

ರೀಲುಪೆಟ್ಟಿಗೆ
ಅಕ್ಕ, ಆಟಿಕೆಯ ಕಾರಣಕ್ಕೆ ಕಥೆಯನ್ನೇ ಬದಲಾಯಿಸಿದ್ದಾರೆ. 2013ರ ‘ಐರನ್ ಮ್ಯಾನ್ 3’ಕ್ಕೆ ಮೊದಲು ಬರೆದ ಕಥೆಯಲ್ಲಿ ಖಳನಾಯಕಿ ಹೆಂಗಸು. ಹೆಂಗಸಿನ ಗೊಂಬೆ ಮಾರಾಟ ಆಗಲ್ಲ ಅಂತ ಮೇಲಿನಿಂದ ಮಾತು ಬಂತು, ಗಂಡಸನ್ನು ತಂದರು. ಇದನ್ನು ನಿರ್ದೇಶಕ ಶೇನ್ ಬ್ಲ್ಯಾಕ್ ತಾನೇ ಸಂದರ್ಶನದಲ್ಲಿ ಹೇಳಿದ್ದಾರೆ. ನಟಿ ರೆಬೆಕಾ ಹಾಲ್ ಪಾತ್ರ ಸಿನಿಮಾದಲ್ಲಿ ಅರ್ಧಕ್ಕೇ ಮುಗಿಯೋದು ಯಾಕೆ ಅಂತ ಆಗ ಗೊತ್ತಾಯಿತು.

ಒಂಟಿಸಲಗ
ನೇರವಾಗಿ ಕೇಳ್ತೀನಿ. ನನಗೆ 2019ರ ‘ಕ್ಯಾಪ್ಟನ್ ಮಾರ್ವೆಲ್’ ಇಷ್ಟ ಆಗಲಿಲ್ಲ. ಅವಳಿಗೆ ಶುರುವಿನಿಂದಲೇ ಎಲ್ಲ ಶಕ್ತಿ ಇದೆ, ಸೋಲುವ ಭಯ ಇಲ್ಲ, ಅದಕ್ಕೇ ಕಥೆಯಲ್ಲಿ ಬಿಗಿ ಇಲ್ಲ ಅನ್ನಿಸಿತು. ಇದನ್ನು ಹೇಳಿದ ತಕ್ಷಣ ಹೆಣ್ಣು ವಿರೋಧಿ ಅಂತ ಹಣೆಪಟ್ಟಿ ಕಟ್ತಾರೆ. ಇದು ನ್ಯಾಯನಾ?

ತುಂತುರು
ಹಣೆಪಟ್ಟಿ ಕಟ್ಟೋದು ತಪ್ಪು, ಒಪ್ಪಿದೆ. ಆದರೆ ಸೂಪರ್‌ಮ್ಯಾನ್‌ಗೂ ಹುಟ್ಟಿನಿಂದ ಎಲ್ಲ ಶಕ್ತಿ ಇದೆ. ಥಾರ್ ದೇವರೇ. ಅವರ ಬಗ್ಗೆ ಈ ದೂರು ಇಷ್ಟು ಜೋರಾಗಿ ಕೇಳಿಸಿದ್ದು ನನಗೆ ನೆನಪಿಲ್ಲ.

ಒಂಟಿಸಲಗ
ಸೂಪರ್‌ಮ್ಯಾನ್ ಬೋರು ಅಂತ ಜನ ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ದಾರೆ. ನಾನೂ ಹೇಳಿದ್ದೀನಿ. ನಿಮಗೆ ಕೇಳಿಸದಿದ್ದರೆ ನಾನೇನು ಮಾಡಲಿ.

ನೀಲಿಶಾಯಿ
ಇಬ್ಬರ ಮಾತಲ್ಲೂ ಹುರುಳಿದೆ. ಸಾಚಾ ವಿಮರ್ಶೆಯನ್ನು ಪೂರ್ವಗ್ರಹದಿಂದ ಬೇರೆ ಮಾಡೋದು ಹೇಗೆ ಅನ್ನೋದೇ ಇಲ್ಲಿ ಮುಖ್ಯ. ನಾನು ಮೊದಲು ನೋಡೋದು ಆ ಮಾತು ಯಾವಾಗ ಬಂತು ಅಂತ.

‘ಕ್ಯಾಪ್ಟನ್ ಮಾರ್ವೆಲ್’ ತೆರೆಗೆ ಬಂದದ್ದು 2019ರ ಮಾರ್ಚ್‌ನಲ್ಲಿ. ಫೆಬ್ರವರಿಯಲ್ಲೇ ಸಿನಿಮಾ ವಿಮರ್ಶೆಯ ‘ರಾಟನ್ ಟೊಮ್ಯಾಟೋಸ್’ ತಾಣದಲ್ಲಿ ‘ನೋಡಲು ಆಸೆಯಿದೆಯೇ’ ಅನ್ನೋ ಅಂಕಣಕ್ಕೆ ಜನ ಮುಗಿಬಿದ್ದು ‘ಇಲ್ಲ’ ಒತ್ತಿದರು, ಕೆಳಗೆ ಬೈಗುಳ ಬರೆದರು. ಯಾರೂ ಸಿನಿಮಾ ನೋಡಿರಲಿಲ್ಲ. ಕೊನೆಗೆ ಆ ತಾಣದವರು ಬಿಡುಗಡೆಗೆ ಮುಂಚಿನ ಕಮೆಂಟುಗಳನ್ನೇ ನಿಲ್ಲಿಸಿದರು, ಆ ಶೇಕಡಾವಾರು ಅಂಕಿಯನ್ನೂ ತೆಗೆದರು. ಒಂಟಿಸಲಗ ಅವರ ದೂರು ಸಿನಿಮಾ ನೋಡಿ ಬಂದವರ ದೂರು. ಅದನ್ನು ಇದರ ಜೊತೆ ಸೇರಿಸೋದು ತಪ್ಪು.

ಎರಡನೆಯದು, ದೂರು ಯಾವುದರ ಬಗ್ಗೆ ಅನ್ನೋದು. 2018ರಲ್ಲಿ ಅದರ ಟ್ರೈಲರ್ ಬಂದಾಗ ದೊಡ್ಡ ತಕರಾರು ಏನಿತ್ತು ಗೊತ್ತಾ? ನಾಯಕಿ ಬ್ರೀ ಲಾರ್ಸನ್ ನಗುತ್ತಿಲ್ಲ ಅಂತ. ಒಬ್ಬರು ಪೋಸ್ಟರ್‌ನಲ್ಲಿ ಅವರ ತುಟಿಗಳನ್ನು ಮೇಲಕ್ಕೆ ಎಳೆದು ನಗು ಅಂಟಿಸಿ ‘ಈಗ ಸರಿಹೋಯಿತು’ ಅನ್ನೋ ಹಾಗೆ ಹಾಕಿದರು. ಅದಕ್ಕೆ ಲಾರ್ಸನ್, ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕಾ, ಡಾಕ್ಟರ್ ಸ್ಟ್ರೇಂಜ್ ಪೋಸ್ಟರ್‌ಗಳಿಗೆ ನಗು ಅಂಟಿಸಿದ ಚಿತ್ರಗಳನ್ನು ಹಂಚಿಕೊಂಡರು. ಆ ಮೂವರ ಅಸಲಿ ಪೋಸ್ಟರ್ ತೆಗೆದು ನೋಡಿ. ಒಬ್ಬರ ಮುಖದಲ್ಲೂ ನಗು ಇಲ್ಲ. ಅಲ್ಲಿ ಅದಕ್ಕೆ ಗಾಂಭೀರ್ಯ ಅಂತಾರೆ, ಇಲ್ಲಿ ಸೊಕ್ಕು ಅಂತಾರೆ.

ಕಾಮಿಕ್ಸ್ ಹುಚ್ಚ
ಆದರೂ ಆ ಸಿನಿಮಾ 113 ಕೋಟಿ ಡಾಲರ್ ದಾಟಿತಲ್ಲ. ಬೈದವರ ಮಾತು ಎಲ್ಲಿ ನಡೆಯಿತು?

ರೀಲುಪೆಟ್ಟಿಗೆ
ನಡೆಯಿತು ಗುರು. ಗೆದ್ದ ಮೇಲೆ ಏನಂದರು ನೆನಪಿಸಿಕೋ. ಅವೆಂಜರ್ಸ್‌ನ ದೊಡ್ಡ ಸಿನಿಮಾಗಳಾದ ‘ಇನ್ಫಿನಿಟಿ ವಾರ್’ ಮತ್ತು ‘ಎಂಡ್‌ಗೇಮ್’ ನಡುವೆ ಬಂತು, ಅದಕ್ಕೇ ಓಡಿತು ಅಂದರು. ಗೆದ್ದರೆ ಪಕ್ಕದವನ ಪುಣ್ಯ, ಸೋತರೆ ಅವಳ ಪಾಪ.

ಗಣಕಪ್ಪ
ಆ ಎರಡು ಸಿನಿಮಾಗಳ ನಡುವೆ ಬಂದದ್ದು ನಿಜ ತಾನೇ? ಅದನ್ನು ಹೇಳೋದೂ ತಪ್ಪಾ?

ರೀಲುಪೆಟ್ಟಿಗೆ
ಹೇಳಿ ಸರ್. ಹಾಗಾದರೆ ‘ದಿ ಮಾರ್ವೆಲ್ಸ್’ ಬಗ್ಗೆ ಮಾತಾಡುವಾಗ ಹಾಲಿವುಡ್ ನಟರ ಮುಷ್ಕರವನ್ನೂ ಹೇಳಿ. ಜುಲೈನಿಂದ ಮುಷ್ಕರ, ನಟಿಯರು ಪ್ರಚಾರಕ್ಕೆ ಬರೋ ಹಾಗೇ ಇರಲಿಲ್ಲ. ಮುಷ್ಕರ ಮುಗಿದದ್ದು ನವೆಂಬರ್ 9, ಸಿನಿಮಾ ಬಂದದ್ದು 10. ಸುಮಾರು 20 ಕೋಟಿ ಡಾಲರ್‌ಗೆ ನಿಂತಿತು, ಮಾರ್ವೆಲ್ ಸ್ಟುಡಿಯೋಸ್ ಸಿನಿಮಾಗಳಲ್ಲೇ ಕಡಿಮೆ ಗಳಿಕೆ. ಕಥೆ ದುರ್ಬಲ, ಒಪ್ಪುತ್ತೇನೆ. ಗೆಲುವಿಗೆ ಹೊರಗಿನ ಕಾರಣ ಹುಡುಕುವವರು ಸೋಲಿಗೂ ಹುಡುಕಬೇಕು ಅಷ್ಟೇ.

ಮಿಂಚುಹುಳ
ಇನ್ನೊಂದು ನೋಡಿ. 2018ರ ‘ಇನ್‌ಕ್ರೆಡಿಬಲ್ಸ್ 2’. ಅದರಲ್ಲಿ ಹೊರಗೆ ಹೋಗಿ ಹೋರಾಡೋದು ತಾಯಿ, ಎಲಾಸ್ಟಿಗರ್ಲ್. ಮನೆಯಲ್ಲಿ ಮಗು ನೋಡಿಕೊಳ್ಳೋದು ಅಪ್ಪ. 120 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿತು. ‘ಹೆಂಗಸರ ಸೂಪರ್‌ಹೀರೋ ಸಿನಿಮಾ ಓಡುತ್ತಾ’ ಅನ್ನೋ ಚರ್ಚೆಯಲ್ಲಿ ಆ ಹೆಸರನ್ನು ಯಾರೂ ಎತ್ತೋದೇ ಇಲ್ಲ.

ಅರಳಿಕಟ್ಟೆ
ಅದು ಕಾರ್ಟೂನ್ ಅಲ್ವಾ ಮಾರಾಯರೇ, ಮಕ್ಕಳ ಸಿನಿಮಾ.

ಮಿಂಚುಹುಳ
ಟಿಕೆಟ್ ದುಡ್ಡು ದುಡ್ಡೇ ಅಲ್ವಾ?

ನೀಲಿಶಾಯಿ
ಎಲಾಸ್ಟಿಗರ್ಲ್ ವಿಷಯದಲ್ಲಿ ನಾನು ಇನ್ನೊಂದು ಗಮನಿಸಿದ್ದೇನೆ. ಅವಳು ಕುಟುಂಬದ ಭಾಗ. ‘ಬ್ಲ್ಯಾಕ್ ಪ್ಯಾಂಥರ್’ನ ಒಕೋಯೆ, ಶೂರಿ ಇಬ್ಬರನ್ನೂ ಜನ ಎತ್ತಿ ಮುದ್ದಾಡಿದರು. ಅವರು ರಾಜನ ಅಕ್ಕಪಕ್ಕ ನಿಂತವರು. ಹೆಂಗಸು ಬಲಶಾಲಿ ಆದರೆ ತೊಂದರೆ ಇಲ್ಲ, ಪಕ್ಕದಲ್ಲಿ ಒಬ್ಬ ಗಂಡಸಿದ್ದು ಅವನ ಹೆಸರಲ್ಲಿ ಸಿನಿಮಾ ಇದ್ದರೆ. ಪೋಸ್ಟರ್ ಮೇಲೆ ಅವಳೊಬ್ಬಳೇ ನಿಂತಾಗ ಮೂಗು ಮುರಿಯೋದು ಶುರು. ಬ್ಲ್ಯಾಕ್ ವಿಡೋ 2010ರಿಂದ ಸಿನಿಮಾಗಳಲ್ಲಿ ಇದ್ದಳು. ಅವಳ ಸ್ವಂತ ಸಿನಿಮಾ ಬಂದದ್ದು 2021ರಲ್ಲಿ, ಅದೂ ಆ ಪಾತ್ರ ಸತ್ತ ಮೇಲೆ.

ಹಳೇಪುಟ
ಇದೆಲ್ಲ ಸಿನಿಮಾದಿಂದ ಶುರುವಾದದ್ದಲ್ಲ. 1941ರಲ್ಲಿ ಕಾಮಿಕ್ಸ್‌ನಲ್ಲಿ ವಂಡರ್ ವುಮನ್ ಬಂದಳು. ಸೃಷ್ಟಿಸಿದವನು ವಿಲಿಯಂ ಮೌಲ್ಟನ್ ಮಾರ್ಸ್‌ಟನ್, ಮನಶ್ಶಾಸ್ತ್ರಜ್ಞ. ಹುಡುಗಿಯರಿಗೂ ಒಬ್ಬ ಬಲಶಾಲಿ ಬೇಕು ಅಂತ ಬೇಕೆಂದೇ ಮಾಡಿದ ಪಾತ್ರ. ಮರುವರ್ಷ ಅವಳನ್ನು ‘ಜಸ್ಟೀಸ್ ಸೊಸೈಟಿ’ಗೆ ಸೇರಿಸಿಕೊಂಡರು. ಕೊಟ್ಟ ಕೆಲಸ ಏನು ಗೊತ್ತಾ? ಸೆಕ್ರೆಟರಿ. ಆ ತಂಡದ ಎಷ್ಟೋ ಗಂಡಸರನ್ನು ಒಂದೇ ಕೈಯಲ್ಲಿ ಎತ್ತಿ ಎಸೆಯಬಲ್ಲವಳು ಸಭೆಯ ಟಿಪ್ಪಣಿ ಬರೆಯುತ್ತಾ ಕೂತಳು.

1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ನಲ್ಲಿ ಸೂ ಸ್ಟಾರ್ಮ್ ಬಂದಳು. ಅವಳಿಂದ ತಂಡಕ್ಕೆ ಏನೂ ಉಪಯೋಗ ಇಲ್ಲ, ತೆಗೆದುಹಾಕಿ ಅಂತ ಓದುಗರು ಪತ್ರ ಬರೆದರು. 1963ರಲ್ಲಿ ಬಂದ 11ನೇ ಸಂಚಿಕೆಯ ಕಥೆಯೊಳಗೇ ಆ ಪತ್ರಗಳಿಗೆ ಉತ್ತರ ಕೊಟ್ಟರು. ತಂಡದ ನಾಯಕ ರೀಡ್ ರಿಚರ್ಡ್ಸ್ ಅವಳ ಪರ ವಹಿಸುತ್ತಾನೆ. ಹೇಗೆ ಅಂದರೆ, ಲಿಂಕನ್ ಕೂಡ ತನ್ನ ತಾಯಿಯನ್ನು ನೆನೆದಿದ್ದ ಅಂತ! ಅವಳು ಮಾಡಿದ ಒಂದು ಸಾಹಸ ಎತ್ತಿ ಹೇಳಬಾರದಿತ್ತಾ? ಅವಳ ಹೆಸರು ‘ಇನ್ವಿಸಿಬಲ್ ಗರ್ಲ್’ನಿಂದ ‘ಇನ್ವಿಸಿಬಲ್ ವುಮನ್’ ಆಗಲು 1985ರ ತನಕ ಕಾಯಬೇಕಾಯಿತು. ಆ ಹೊತ್ತಿಗೆ ಅವಳಿಗೆ ಮದುವೆಯಾಗಿ ಮಗನೂ ಇದ್ದ.

ಕಾಮಿಕ್ಸ್ ಹುಚ್ಚ
ಮೊದಲ ಮಹಿಳಾ ಸೂಪರ್‌ಹೀರೋ ವಂಡರ್ ವುಮನ್ನೇ ಅಲ್ವಾ?

ಹಳೇಪುಟ
ಅಲ್ಲ. 1940ರಲ್ಲೇ ಫ್ಯಾಂಟೊಮಾ ಇದ್ದಳು. 1941ರ ಏಪ್ರಿಲ್‌ನಲ್ಲಿ ‘ಮಿಸ್ ಫ್ಯೂರಿ’ ಪತ್ರಿಕೆಗಳಲ್ಲಿ ಶುರುವಾಯಿತು. ಅದನ್ನು ಬರೆದು ಚಿತ್ರಿಸಿದ್ದು ಒಬ್ಬ ಹೆಂಗಸು. ಜೂನ್ ಮಿಲ್ಸ್ ಅನ್ನೋ ತಮ್ಮ ಹೆಸರು ಬಿಟ್ಟು ‘ಟಾರ್ಪೆ ಮಿಲ್ಸ್’ ಅಂತ ಸಹಿ ಹಾಕುತ್ತಿದ್ದರು. ಬರೆದದ್ದು ಹೆಂಗಸು ಅಂತ ಓದುಗರಿಗೆ ಗೊತ್ತಾಗದಿರಲಿ ಅಂತ.

ಅರಳಿಕಟ್ಟೆ
ನಮ್ಮ ಸಾಹಸ ನಟಿ ನಾಡಿಯಾ ಅವರನ್ನು ಮರೆತರಾ? 1935ರ ಹಿಂದಿ ‘ಹಂಟರ್‌ವಾಲಿ’. ವಾಡಿಯಾ ಮೂವಿಟೋನ್, ಹೋಮಿ ವಾಡಿಯಾ ನಿರ್ದೇಶನ. ಮುಖವಾಡ, ಚಾವಟಿ, ಕುದುರೆ. ವಂಡರ್ ವುಮನ್‌ಗಿಂತ ಆರು ವರ್ಷ ಮುಂಚೆ. ಹಂಚಿಕೆದಾರರು ಹಿಂದೇಟು ಹಾಕಿದ್ದರು, ಜನ ಮಾತ್ರ ಮುಗಿಬಿದ್ದು ನೋಡಿದರು.

ತುಂತುರು
2025ರ ಮಲಯಾಳಂ ‘ಲೋಕಾ’ ಕೂಡ. ಕಲ್ಯಾಣಿ ಪ್ರಿಯದರ್ಶನ್ ಮುಖ್ಯ ಪಾತ್ರ, ಆ ಭಾಷೆಯ ಗಳಿಕೆಯ ದಾಖಲೆಯನ್ನೇ ಮುರಿಯಿತು. 1935ರಲ್ಲೂ ಜನ ಬಂದರು, 2025ರಲ್ಲೂ ಬಂದರು. ‘ಜನ ಒಪ್ಪಲ್ಲ’ ಅಂತ ನಡುವೆ ನಿಂತು ಹೇಳಿದವರು ಯಾರು?

ಒಂಟಿಸಲಗ
ವೇಷಭೂಷಣದ ಬಗ್ಗೆ ಹೆಂಗಸರಲ್ಲೇ ಒಮ್ಮತ ಇಲ್ಲವಲ್ಲ? 2016ರಲ್ಲಿ ವಿಶ್ವಸಂಸ್ಥೆ ವಂಡರ್ ವುಮನ್‌ಳನ್ನು ಹೆಣ್ಣುಮಕ್ಕಳ ಸಬಲೀಕರಣದ ಗೌರವ ರಾಯಭಾರಿ ಮಾಡಿತ್ತು. ಅಲ್ಲಿನ ಸಿಬ್ಬಂದಿಯೇ ವಿರೋಧಿಸಿದರು. ಸುಮಾರು 45,000 ಸಹಿ ಬಿತ್ತು. ಎರಡು ತಿಂಗಳೊಳಗೆ ಮುಗಿಯಿತು ಕಥೆ.

ನೀಲಿಶಾಯಿ
ಅವರ ವಾದ ನನಗೆ ಅರ್ಥ ಆಗುತ್ತೆ. ಈಜುಡುಗೆ ತೊಟ್ಟ ಕಾಲ್ಪನಿಕ ಪಾತ್ರವನ್ನು ತರುವ ಬದಲು ನಿಜವಾದ ಒಬ್ಬ ಹೆಂಗಸನ್ನು ತನ್ನಿ ಅಂದರು. ಆ ಹೊತ್ತಿಗೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಹುದ್ದೆಗೆ ಹಲವು ಮಹಿಳೆಯರು ಸ್ಪರ್ಧಿಸಿದ್ದರು, ಆಯ್ಕೆಯಾದದ್ದು ಗಂಡಸು. ಆ ಸಿಟ್ಟೂ ಸೇರಿತ್ತು.

ಆದರೆ ಮರುವರ್ಷ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ‘ವಂಡರ್ ವುಮನ್’ ಸಿನಿಮಾವನ್ನು ಹಿಂದಕ್ಕಿಟ್ಟ ಹೆಜ್ಜೆ ಅಂದಾಗ ನನಗೆ ಬೇಜಾರಾಯಿತು. ಅವರ ಪ್ರಕಾರ ಗಟ್ಟಿ ಹೆಂಗಸು ಅಂದರೆ ತಮ್ಮ ಸಿನಿಮಾದ ಸಾರಾ ಕಾನರ್ ಥರ, ನೊಂದು ಬೆಂದು ಒರಟಾಗಿರಬೇಕು. ಗಟ್ಟಿ ಅಂತ ಒಪ್ಪಿಸೋಕೆ ಹೆಂಗಸು ಯಾವಾಗಲೂ ಒರಟಾಗೇ ಇರಬೇಕಾಗಿಲ್ಲ ಅಂತ ನಿರ್ದೇಶಕಿ ಪ್ಯಾಟಿ ಜೆಂಕಿನ್ಸ್ ಉತ್ತರ ಕೊಟ್ಟರು. ಗಂಡು ಹೀರೋಗೆ ಇಂಥ ಪರೀಕ್ಷೆ ಇಟ್ಟವರು ಯಾರು? ಅವನು ತಮಾಷೆ ಮಾಡಬಹುದು, ಸಿಟ್ಟಾಗಬಹುದು, ಅಂಗಿ ಬಿಚ್ಚಿ ನಿಲ್ಲಬಹುದು. ಅವಳು ಸುಂದರವಾಗಿದ್ದರೆ ಬೊಂಬೆ, ಒರಟಾದರೆ ಗಂಡುಬೀರಿ.

ಕಾಮಿಕ್ಸ್ ಹುಚ್ಚ
ಹೆಂಗಸರ ಭಂಗಿ ಬಗ್ಗೆ ಹೇಳ್ತೀನಿ. 2012ರಲ್ಲಿ ಕೆಲವು ಕಲಾವಿದರು ‘ಹಾಕ್ಐ ಇನಿಶಿಯೇಟಿವ್’ ಶುರು ಮಾಡಿದ್ದರು. ಹೆಣ್ಣು ಹೀರೋಗಳನ್ನು ಯಾವ ಭಂಗಿಯಲ್ಲಿ ಚಿತ್ರಿಸಿದ್ದಾರೋ ಅದೇ ಭಂಗಿಯಲ್ಲಿ ಬಿಲ್ಲುಗಾರ ಗಂಡು ಹೀರೋ ಹಾಕ್ಐನನ್ನು ಚಿತ್ರಿಸೋದು. ಸೊಂಟ ಒಂದು ಕಡೆ, ಎದೆ ಇನ್ನೊಂದು ಕಡೆ, ಬೆನ್ನುಮೂಳೆ ಮುರಿದ ಹಾಗೆ. ನೋಡಿದರೆ ಆ ಭಂಗಿಯಲ್ಲಿ ಬಿಲ್ಲು ಎತ್ತೋಕೂ ಆಗಲ್ಲ ಅಂತ ಗೊತ್ತಾಗುತ್ತೆ. ನಾನೂ ಚಿತ್ರ ಬರೆಯುವವನು. ಅದನ್ನು ನೋಡಿದ ಮೇಲೆ ಪೆನ್ಸಿಲ್ ಹಿಡಿದಾಗ ಮೊದಲು ಕಾಲು ಎಲ್ಲಿ ನೆಲಕ್ಕೆ ಊರಿದೆ ಅಂತ ನೋಡ್ತೀನಿ.

ಅರಳಿಕಟ್ಟೆ
ಸ್ವಲ್ಪ ವಿಷಯ ಬಿಟ್ಟು ಒಂದು ಮಾತು. ಹಳೆಯ ‘ಬ್ಯಾಟ್‌ಮ್ಯಾನ್’ ಟಿವಿ ಸರಣಿಯ ಬ್ಯಾಟ್‌ಗರ್ಲ್ ಯವಾನ್ ಕ್ರೇಗ್ ಅವರದ್ದು 1970ರ ದಶಕದ ಒಂದು ಸಣ್ಣ ಸರ್ಕಾರಿ ಜಾಹೀರಾತು ಇದೆ, ಹುಡುಕಿ ನೋಡಿ. ಬ್ಯಾಟ್‌ಮ್ಯಾನ್, ರಾಬಿನ್ ಇಬ್ಬರನ್ನೂ ಕಟ್ಟಿಹಾಕಿದ್ದಾರೆ, ಪಕ್ಕದಲ್ಲಿ ಬಾಂಬು. ಬ್ಯಾಟ್‌ಗರ್ಲ್ ಬಂದು ಬಿಡಿಸುವ ಬದಲು ‘ನನಗೂ ರಾಬಿನ್‌ಗೂ ಒಂದೇ ಕೆಲಸ, ಸಂಬಳ ಮಾತ್ರ ನನಗೆ ಕಡಿಮೆ’ ಅಂತ ಲೆಕ್ಕ ಕೇಳ್ತಾಳೆ. ಗಂಡಸಿಗೂ ಹೆಂಗಸಿಗೂ ಸಮಾನ ವೇತನ ಕೊಡಬೇಕು ಅನ್ನೋ ಕಾನೂನಿನ ಪ್ರಚಾರ ಅದು. ಎಷ್ಟು ಚೆನ್ನಾಗಿದೆ ಅಂದರೆ, ಪೂರ್ತಿ ಸಿನಿಮಾಗಳಲ್ಲಿ ಅವಳಿಗೆ ಅಂಥ ಮಾತು ಸಿಕ್ಕಿಲ್ಲ.

ಪುಟ್ಟಿಯ ಅಮ್ಮ
ಈಗಲೇ ಹುಡುಕ್ತೀನಿ!

ಹಳೇಪುಟ
ಕ್ಯಾಪ್ಟನ್ ಮಾರ್ವೆಲ್ ಬಗ್ಗೆ ಇಷ್ಟು ಮಾತಾಯಿತು, 1980ರ ‘ಅವೆಂಜರ್ಸ್’ ಕಾಮಿಕ್ಸ್‌ನ 200ನೇ ಸಂಚಿಕೆ ಬಗ್ಗೆ ಹೇಳಲೇಬೇಕು. ಈಗ ಕ್ಯಾಪ್ಟನ್ ಮಾರ್ವೆಲ್ ಆಗಿರುವ ಕ್ಯಾರಲ್ ಡ್ಯಾನ್ವರ್ಸ್ ಆಗ ಮಿಸ್ ಮಾರ್ವೆಲ್. ಒಬ್ಬ ಅವಳನ್ನು ಬೇರೆ ಲೋಕಕ್ಕೆ ಎಳೆದೊಯ್ದು, ಯಂತ್ರದಿಂದ ಮನಸ್ಸನ್ನು ಹಿಡಿತಕ್ಕೆ ತಂದುಕೊಂಡು ಗರ್ಭಿಣಿ ಮಾಡುತ್ತಾನೆ. ಕೊನೆಗೆ ಅವಳು ಅವನ ಜೊತೆಗೇ ಹೊರಡುತ್ತಾಳೆ, ಗೆಳೆಯರೆಲ್ಲ ಬೀಳ್ಕೊಡುತ್ತಾರೆ. ಅದನ್ನು ಪ್ರೇಮಕಥೆ ಅನ್ನೋ ಹಾಗೆ ಅಚ್ಚು ಹಾಕಿದರು. ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಅನ್ನೋ ಓದುಗರು ಇದು ಅತ್ಯಾಚಾರ ಅಂತ ನೇರವಾಗಿ ಲೇಖನ ಬರೆದರು. ಮರುವರ್ಷ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಇನ್ನೊಂದು ಕಥೆ ಬರೆದು ಆ ಪಾತ್ರವನ್ನು ವಾಪಸ್ ಕರೆಸಿ, ‘ನನಗೇನಾಯಿತು ಅಂತ ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವಾ’ ಅನ್ನೋ ಅರ್ಥದಲ್ಲಿ ಅವೆಂಜರ್ಸ್ ಮುಖಕ್ಕೇ ಕೇಳಿಸಿದರು.

ಓದುಗರು ಬಾಯಿಬಿಟ್ಟು ಹೇಳಿದರೆ ಬದಲಾಗುತ್ತೆ ಅನ್ನೋದಕ್ಕೂ ಇದೇ ಉದಾಹರಣೆ. 1999ರಲ್ಲಿ ಗೇಲ್ ಸಿಮೋನ್ ‘ವಿಮೆನ್ ಇನ್ ರೆಫ್ರಿಜರೇಟರ್ಸ್’ ಅಂತ ಪಟ್ಟಿ ಮಾಡಿದರು. ಗ್ರೀನ್ ಲ್ಯಾಂಟರ್ನ್ ಕಥೆಯೊಂದರಲ್ಲಿ ನಾಯಕನ ಪ್ರೇಯಸಿಯನ್ನು ಕೊಂದು ಫ್ರಿಜ್‌ಗೆ ತುರುಕಿದ್ದರು. ನಾಯಕನಿಗೆ ಸಿಟ್ಟು ಬರಿಸಲು ಹೆಣ್ಣನ್ನು ಸಾಯಿಸುವ ಕಥೆಗಳು ಎಷ್ಟಿವೆ ನೋಡಿ ಅಂದರು. ಆಗ ಅವರು ಓದುಗರಾಗಿದ್ದರು. ಮುಂದೆ ಅವರೇ ವಂಡರ್ ವುಮನ್ ಕಥೆ ಬರೆದರು.

ಬೆಳ್ಳಿಚುಕ್ಕಿ
ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ನಾನು ಚಿಕ್ಕಂದಿನಿಂದ ಕಾಮಿಕ್ಸ್ ಓದುವವಳು. ಒಂದು ಓದುಗರ ಕೂಟಕ್ಕೆ ಹೋಗಿದ್ದಾಗ ಎಲ್ಲರೂ ತಮ್ಮ ಮೆಚ್ಚಿನ ಪಾತ್ರ ಹೇಳ್ತಾ ಇದ್ದರು. ನಾನು ಎಕ್ಸ್-ಮೆನ್ ತಂಡದ ‘ಸ್ಟಾರ್ಮ್’ ಅಂದೆ. ತಕ್ಷಣ ಒಬ್ಬರು ‘ಅವಳು ಮೊದಲು ಬಂದ ಸಂಚಿಕೆ ಯಾವುದು, ಹೇಳಿ ನೋಡೋಣ’ ಅಂದರು. ಹೇಳಿದೆ. ‘ಚಿತ್ರ ಬರೆದವರು?’ ಅಂದರು. ಅದನ್ನೂ ಹೇಳಿದೆ. ನನ್ನ ಮುಂಚೆ ಮಾತಾಡಿದ ಯಾವ ಹುಡುಗನಿಗೂ ಪ್ರಶ್ನೆ ಇರಲಿಲ್ಲ. ಒಬ್ಬ ‘ವುಲ್ವರಿನ್’ ಅಂದ, ಎಲ್ಲರೂ ತಲೆಯಾಡಿಸಿದರು. ಪಾತ್ರಕ್ಕೆ ಇಡುವ ಪರೀಕ್ಷೆಯನ್ನೇ ಓದುವವಳಿಗೂ ಇಡ್ತಾರೆ. ಅದಾದ ಮೇಲೆ ಆ ಕೂಟಕ್ಕೆ ಹೋಗೋಕೆ ಮನಸ್ಸಾಗಲಿಲ್ಲ.

ಗಣಕಪ್ಪ
ಬೆಳ್ಳಿಚುಕ್ಕಿ ಮೇಡಂ, ನಿಮಗಾದದ್ದು ಖಂಡಿತ ತಪ್ಪು. ಸಿನಿಮಾ ಲೆಕ್ಕದ ಬಗ್ಗೆ ನನ್ನ ವಾದ ನನಗಿದೆ, ಆದರೆ ಬಂದವರನ್ನು ಹೀಗೆ ಓಡಿಸಿದರೆ ಕಾಮಿಕ್ಸ್ ಓದುವವರೇ ಉಳಿಯಲ್ಲ. ಒಂದು ಕೇಳ್ತೀನಿ. ಹದಿಮೂರು ವರ್ಷದ ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಓದೋಕೆ ಕೊಡಬೇಕು. ಎಲ್ಲಿಂದ ಶುರು ಮಾಡಿಸಲಿ?

ಬೆಳ್ಳಿಚುಕ್ಕಿ
2014ರಲ್ಲಿ ಶುರುವಾದ ‘ಮಿಸ್ ಮಾರ್ವೆಲ್’ ಕೊಡಿ ಸರ್. ಜಿ. ವಿಲ್ಲೋ ವಿಲ್ಸನ್ ಬರೆದದ್ದು, ಏಡ್ರಿಯನ್ ಅಲ್ಫೋನಾ ಚಿತ್ರ. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ಅದರ ನಾಯಕಿ ಕಮಲಾ ಖಾನ್‌ಗೆ ಹದಿನಾರು ವರ್ಷ. ಶಕ್ತಿ ಬಂದ ಕೂಡಲೇ ಅವಳು ಚಿನ್ನದ ಬಣ್ಣದ ಕೂದಲಿನ ಹಳೆಯ ಮಿಸ್ ಮಾರ್ವೆಲ್ ರೂಪ ತಾಳುತ್ತಾಳೆ. ಹೀರೋ ಅಂದರೆ ಹಾಗೇ ಇರಬೇಕು ಅಂತ ಅವಳ ತಲೆಯಲ್ಲಿ ಕೂತಿರುತ್ತೆ. ಆ ಉಡುಗೆಯಲ್ಲಿ ನಡೆಯೋದೇ ಹಿಂಸೆ ಆಗುತ್ತೆ. ಆಮೇಲೆ ತನ್ನ ಬುರ್ಕಿನಿಯನ್ನೇ, ಅಂದರೆ ಮೈಮುಚ್ಚುವ ಈಜುಡುಗೆಯನ್ನೇ, ಹೊಲಿದು ಬಣ್ಣ ಹಾಕಿ ವೇಷ ಮಾಡಿಕೊಳ್ಳುತ್ತಾಳೆ.

ಪುಟ್ಟಿಯ ಅಮ್ಮ
ನನ್ನ ಮಗಳಿಗೆ ಎಂಟು ವರ್ಷ. ಅವಳಿಗೂ ಆಗುತ್ತಾ?

ಬೆಳ್ಳಿಚುಕ್ಕಿ
ಸ್ವಲ್ಪ ಕಾಯಿರಿ ಅಕ್ಕ, ಇಲ್ಲಾ ನೀವೇ ಪಕ್ಕದಲ್ಲಿ ಕೂತು ಓದಿ ಹೇಳಿ. ಮೊದಲ ಸಂಪುಟದಲ್ಲಿ ಐದು ಸಂಚಿಕೆ ಇವೆ, ಅಲ್ಲಿಂದ ಶುರು ಮಾಡಿದರೆ ಹಿಂದಿನ ಕಥೆ ಏನೂ ಗೊತ್ತಿರಬೇಕಾಗಿಲ್ಲ.